ಠಾಣೆಯಿಂದ ಅಂಬರನಾಥದವರೆಗೆ ಒಂದು ಪ್ರಾರ್ಥನೆ

ದೇವರು ನನಗೆ ಕೊಟ್ಟ ವರ ಯಾವುದು ಎಂಬುದು ಎಂಟನೇ ವಯಸ್ಸಿಗೇ ನನಗೆ ಗೊತ್ತಿತ್ತು. ಅದನ್ನು ವರ ಎಂದು ಒಪ್ಪಿಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಯಾರ ಮಾತನ್ನಾದರೂ ಎರಡು ಸಲ ಕೇಳಿದರೆ ಸಾಕು, ಅವರ ದನಿ, ಅವರು ಉಸಿರೆಳೆದುಕೊಳ್ಳುವ ಜಾಗ, ಮಾತು ತಡವರಿಸಿದಾಗ ಕಿವಿ ತುರಿಸಿಕೊಳ್ಳುವ ರೀತಿ, ಎಲ್ಲವೂ ನನ್ನೊಳಗೆ ಬಂದು ಕೂತುಬಿಡುತ್ತಿತ್ತು. ಡೊಂಬಿವಲಿಯ ನಮ್ಮ ಚಾಳಿನಲ್ಲಿ ಬೆಳಿಗ್ಗೆ ತರಕಾರಿ ಮಾರಲು ಬರುವ ಭಾಜಿಯವಳ ಹಾಗೆ ನಾನು ಒಳಗಿನಿಂದ ಕೂಗಿದರೆ ಪಕ್ಕದ ಮನೆಯವರು ಬುಟ್ಟಿ ಹಿಡಿದು ಹೊರಗೆ ಬರುತ್ತಿದ್ದರು. ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಮೂಗಿನಲ್ಲಿ ಹೇಳುವ ಹೆಂಗಸಿನ ದನಿಯನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ, ಅಂಬರನಾಥದ ಕಾರ್ಖಾನೆಗೆ ಹೋಗಿ ದಣಿದು ಬಂದ ಅಪ್ಪ ಅದನ್ನೇ ಮತ್ತೆ ಮತ್ತೆ ಹೇಳಿಸಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಪೇಪರು ಅಲುಗಾಡುವುದನ್ನು ನೋಡಿಯೇ ಅವ್ವನಿಗೆ ವಿಷಯ ಗೊತ್ತಾಗುತ್ತಿತ್ತು.

"ದೇವ್ರು ಬಾಯಿ ಕೊಟ್ಟಾನ ಅಂದ್ರ ಮಂದೀನ ಅಣಕಸಾಕ ಕೊಟ್ಟಿಲ್ಲ," ಎಂದು ಅವ್ವ ಲಟ್ಟಣಿಗೆ ತೋರಿಸುತ್ತಿದ್ದಳು. "ನೀವರ ಏನ್ರೀ, ಹುಡುಗೀನ ಹಾಳ ಮಾಡಾಕ ಕುಂತೀರಿ."

ಒಂದು ಭಾನುವಾರ ಸಂಡೇ ಸ್ಕೂಲಿನಲ್ಲಿ ನಮ್ಮ ಟೀಚರು, ದೇವರು ಒಬ್ಬೊಬ್ಬರಿಗೂ ಒಂದೊಂದು ವರ ಕೊಟ್ಟಿರುತ್ತಾನೆ, ಅದನ್ನು ಸಂತೋಷದಿಂದ ಅವನಿಗಾಗಿ ಉಪಯೋಗಿಸಬೇಕು ಎಂದು ಹೇಳಿ, ನಿಮ್ಮ ನಿಮ್ಮ ವರ ಯಾವುದು ಎಂದು ಸಾಲಾಗಿ ಕೇಳುತ್ತಾ ಬಂದರು. ಒಬ್ಬಳು ಹಾಡು ಎಂದಳು. ಒಬ್ಬ ಚಿತ್ರ ಬಿಡಿಸುವುದು ಎಂದ. ಇನ್ನೊಬ್ಬ ಓಡುವುದು ಎಂದಾಗ ಟೀಚರು ಅದಕ್ಕೂ ತಲೆದೂಗಿ, ಸುವಾರ್ತೆಯನ್ನು ಬೇಗ ಮುಟ್ಟಿಸಬಹುದು ಎಂದರು. ನನ್ನ ಸರದಿ ಬಂದಾಗ ಎದ್ದು ನಿಂತು, "ನನಗ ಎಲ್ಲಾರ ಹಂಗ ಮಾತಾಡಾಕ ಬರ್ತೈತ್ರಿ," ಎಂದೆ. ನಂಬಲಿಕ್ಕಿಲ್ಲ ಎಂದುಕೊಂಡು ಅವರದೇ ದನಿಯಲ್ಲಿ ಎರಡು ಮಾತು ಆಡಿಯೂ ತೋರಿಸಿದೆ. ಮಕ್ಕಳೆಲ್ಲ ಹೋ ಎಂದು ನಕ್ಕರು. ಟೀಚರ ಮುಖ ಕೆಂಪಾಯಿತು. "ಅದು ವರವಲ್ಲ, ಚಟ," ಎಂದು ಕೂರಿಸಿದರು. ಕ್ಷಮಿಸುವುದನ್ನು ಆ ಟೀಚರೇ ನಮಗೆ ಕಲಿಸಿದ್ದು, ಆದರೂ ಆ ಒಂದು ಮಾತಿಗೆ ಅವರನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ನಮ್ಮ ಕನ್ನಡ ಕ್ರೈಸ್ತರ ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಡೊಂಬಿವಲಿಯ ಮರಾಠಿ ಕ್ರೈಸ್ತರ ಒಂದು ಚಿಕ್ಕ ಚರ್ಚನ್ನು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ನಮಗೆ ಬಿಟ್ಟುಕೊಡುತ್ತಿದ್ದರು. ಅರ್ಧ ಜನ ಕರಾವಳಿಯವರು, ಅರ್ಧ ಜನ ನಮ್ಮ ಹಾಗೆ ಗದಗ, ಧಾರವಾಡದ ಕಡೆಯವರು. ಹಾಡಿನ ಪುಸ್ತಕ ಒಂದೇ, ಆದರೆ ಕರಾವಳಿಯವರು ಒಂದೊಂದು ಸ್ವರವನ್ನೂ ಎಳೆದು ಹದ ಮಾಡಿ ಹಾಡುವವರು, ನಾವು ಭಜನೆಯ ಓಟದವರು. ಅವರು ಕೊನೆಯ ಸಾಲು ಮುಟ್ಟುವಷ್ಟರಲ್ಲಿ ನಾವು ಆಮೆನ್ ಹೇಳಿ ಬೆವರು ಒರೆಸಿಕೊಳ್ಳುತ್ತಿದ್ದೆವು. ಬೋಧಕರು ಮುಂಬಯಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಆರಾಧನೆ ನಡೆಸುತ್ತಿದ್ದವರು ನಮ್ಮ ಸಭೆಯ ಹಿರಿಯರು. ಮಂಗಳೂರಿನ ಕಡೆಯವರು, ಕಲ್ಯಾಣದ ರೈಲ್ವೆ ಬುಕಿಂಗ್ ಆಫೀಸಿನಲ್ಲಿ ಕೆಲಸ. ಇಸ್ತ್ರಿ ಮಾಡಿದ ಬಿಳಿ ಅಂಗಿ, ದಪ್ಪ ಕನ್ನಡಕ, ಅಳೆದು ಆಡುವ ಮಾತು. ಅವರು ನಕ್ಕದ್ದನ್ನು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆರಾಧನೆಯ ಕೊನೆಗೆ ಅವರು ಸಭೆಯವರೆಲ್ಲರಿಗಾಗಿ ಒಂದು ಉದ್ದ ಪ್ರಾರ್ಥನೆ ಮಾಡುತ್ತಿದ್ದರು. ಯಾರೂ ಬಿಟ್ಟುಹೋಗಬಾರದಲ್ಲ, ಅದಕ್ಕೆ ರೈಲ್ವೆಯವರಾದ ಅವರು ಕಂಡುಕೊಂಡ ದಾರಿ ಸ್ಲೋ ಲೋಕಲ್ಲಿನದು. ಠಾಣೆಯಿಂದ ಹೊರಟರೆ ಅಂಬರನಾಥದವರೆಗೆ ಪ್ರತಿ ಸ್ಟೇಷನ್ನಿಗೂ ನಿಂತು, ಅಲ್ಲಿರುವ ನಮ್ಮವರ ಕಷ್ಟ ಸುಖವನ್ನು ದೇವರಿಗೆ ಒಪ್ಪಿಸಿ ಮುಂದಕ್ಕೆ ಹೋಗುವುದು. "ಕರ್ತನೇ, ಠಾಣೆಯಲ್ಲಿ ನಿನ್ನ ಮಗಳೊಬ್ಬಳಿಗೆ ಸಕ್ಕರೆ ಕಾಯಿಲೆ ಉಂಟು, ನಿನಗೆ ಗೊತ್ತುಂಟು. ಕಳವಾದಲ್ಲಿ ಒಬ್ಬ ಸಹೋದರನಿಗೆ ಕೆಲಸ ಹೋಗಿದೆ." ಮುಂಬ್ರಾದಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಆದರೆ ಸ್ಲೋ ಗಾಡಿ ಮುಂಬ್ರಾದಲ್ಲಿ ನಿಲ್ಲದೆ ಹೋಗುವಂತಿಲ್ಲವಲ್ಲ. "ಮುಂಬ್ರಾದಲ್ಲಿ ನಮ್ಮವರು ಯಾರೂ ಇಲ್ಲ, ಆದರೂ ಅಲ್ಲಿರುವ ಎಲ್ಲರನ್ನೂ ಕಾಪಾಡು," ಎಂದು ಹೇಳಿಯೇ ಅವರು ದಿವಾಕ್ಕೆ ಹೊರಡುತ್ತಿದ್ದರು. ಭಾನುವಾರ ಸಂಜೆ ಟಿವಿಯಲ್ಲಿ ಹಿಂದಿ ಸಿನಿಮಾ ಶುರುವಾಗುವ ಹೊತ್ತು ಹತ್ತಿರವಾದಂತೆ, ಫಾಸ್ಟ್ ಗಾಡಿಯ ಪ್ರಾರ್ಥನೆಯೊಂದು ಇದ್ದಿದ್ದರೆ ಚೆನ್ನಾಗಿತ್ತು ಎಂದು ಅಪ್ಪ ನಿಟ್ಟುಸಿರು ಬಿಡುತ್ತಿದ್ದರು.

ಆ ಪ್ರಾರ್ಥನೆಯಲ್ಲಿ ಸೇರಿರುವುದು ನಮ್ಮವರಿಗೆ ಎಷ್ಟು ಮುಖ್ಯವೆಂದು ತಿಳಿದದ್ದು ಒಂದು ಕುಟುಂಬ ಡೊಂಬಿವಲಿ ಬಿಟ್ಟು ವಾಶಿಗೆ ಹೋದಾಗ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆಗಿದ್ದ ವಾಶಿಗೆ ಆಗ ರೈಲು ಇರಲಿಲ್ಲ. ಹೀಗಾಗಿ ಹಿರಿಯರ ಪ್ರಾರ್ಥನೆಯ ಗಾಡಿ ಎರಡು ವಾರ ಅವರನ್ನು ಹತ್ತಿಸಿಕೊಳ್ಳದೆ ಹೋಯಿತು. ಮೂರನೆಯ ವಾರ ಆ ಮನೆಯಾಕೆ ಮುಖ ಊದಿಸಿಕೊಂಡು ಬಂದು, "ಖಾಡಿ ದಾಟಿದ್ರ ನಾವು ದೇವ್ರಿಗೂ ದೂರ ಆದ್ವೇನ್ರಿ?" ಎಂದು ಎಲ್ಲರೆದುರು ಅತ್ತುಬಿಟ್ಟಳು. ಹಿರಿಯರು ಕೈ ಮುಗಿದು ತಪ್ಪೊಪ್ಪಿಕೊಂಡರು. ಅಂದಿನಿಂದ ಪ್ರಾರ್ಥನೆ ಠಾಣೆಯಲ್ಲಿ ಇಳಿದು, ಬಸ್ಸು ಹಿಡಿದು ವಾಶಿಗೆ ಹೋಗಿ, ಮತ್ತೆ ಠಾಣೆಗೆ ಬಂದು ಗಾಡಿ ಹತ್ತತೊಡಗಿತು.

ಪ್ರಾರ್ಥನೆಯ ಹೊತ್ತಿನಲ್ಲಿ ದೊಡ್ಡವರೆಲ್ಲ ಕಣ್ಣು ಮುಚ್ಚಿರುತ್ತಿದ್ದರು. ಹಿಂದಿನ ಬೆಂಚಿನ ನಾವು ಮಕ್ಕಳು ಮಾತ್ರ ತೆರೆದುಕೊಂಡಿರುತ್ತಿದ್ದೆವು. ಹಾಗಾಗಿ ದೊಡ್ಡವರು ಕಾಣದ ಒಂದನ್ನು ನಾವು ಕಾಣುತ್ತಿದ್ದೆವು. ಠಾಕುರ್ಲಿ ದಾಟಿ ಕಲ್ಯಾಣಕ್ಕೆ ಬಂದು, ಅಲ್ಲಿ ಪರೀಕ್ಷೆಗೆ ಕೂತ ಹುಡುಗನನ್ನೂ ಹೊಸದಾಗಿ ಹುಟ್ಟಿದ ಮಗುವನ್ನೂ ನೆನೆದ ಮೇಲೆ ಹಿರಿಯರು ಸುಮ್ಮನೆ ನಿಂತುಬಿಡುತ್ತಿದ್ದರು. ಕನ್ನಡಕ ತೆಗೆಯುವರು, ಮತ್ತೆ ಹಾಕಿಕೊಳ್ಳುವರು, ಗಂಟಲು ಸರಿಮಾಡಿಕೊಳ್ಳುವರು. ಆಮೇಲೆ ಏನೂ ಆಗದವರ ಹಾಗೆ, "ವಿಠಲವಾಡಿಯಲ್ಲಿ..." ಎಂದು ಮುಂದಿನ ಸ್ಟೇಷನ್ನಿಗೆ ಹೊರಡುವರು. ಕಲ್ಯಾಣದ ಹತ್ತಿರ ಗಾಡಿಗಳು ಯಾವಾಗಲೂ ಸಿಗ್ನಲ್ಲಿಗಾಗಿ ಕಾಯುತ್ತಾ ನಿಲ್ಲುತ್ತಿದ್ದುದರಿಂದ ನಾವು ಮಕ್ಕಳು ಅದಕ್ಕೆ ಸಿಗ್ನಲ್ ಎಂದು ಹೆಸರಿಟ್ಟಿದ್ದೆವು. ಸಿಗ್ನಲ್ ಸಿಗಲಿಲ್ಲ ಎಂದು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದು ನಗು ತಡೆದುಕೊಳ್ಳುತ್ತಿದ್ದೆವು.

ಕಲ್ಯಾಣದಲ್ಲಿ ಇದ್ದವರು ಹಿರಿಯರ ಹೆಂಡತಿ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಎಲುಬು ಕೂಡಿತು, ನಡಿಗೆ ಮರಳಲಿಲ್ಲ. ರೈಲ್ವೆ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಅವರು ಎರಡು ವರ್ಷದಿಂದ ಇದ್ದರು. ಮಕ್ಕಳಿರಲಿಲ್ಲ. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಗಂಡ ನಗದಿದ್ದಷ್ಟೂ ಅವರೇ ನಕ್ಕು ಮುಗಿಸುವವರು. ಮೊದಲು ಚರ್ಚಿಗೆ ಬರುತ್ತಿದ್ದಾಗ ಯಾರಾದರೂ ಹಾಡಿನಲ್ಲಿ ದಾರಿ ತಪ್ಪಿದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅವರ ಭುಜ ಕುಣಿಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ನನಗೆ ಹದಿಮೂರಾದ ವರ್ಷ ಅವ್ವ ಒಂದು ಕೆಲಸ ಹಚ್ಚಿಕೊಂಡಳು. ಆರಾಧನೆ ಮುಗಿದ ಮೇಲೆ ಹಿರಿಯರು ಯುವಕರಿಗೆ ಹಾಡು ಕಲಿಸಲು ಚರ್ಚಿನಲ್ಲೇ ಉಳಿಯುತ್ತಿದ್ದರು. ಆ ಹೊತ್ತಿಗೆ ಅವ್ವ ನನ್ನನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋಗಿ, ಆಂಟಿಯ ಮೈ ಒರೆಸಿ, ತಲೆ ಬಾಚಿ, ಹಾಸಿಗೆ ಬದಲಿಸಿ, ಇಬ್ಬರಿಗೂ ರಾತ್ರಿಯ ಅಡಿಗೆ ಮಾಡಿಟ್ಟು ಬರುವುದು. ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಆಂಟಿಯ ಹತ್ತಿರ ಕೂರುವುದು ನನ್ನ ಕೆಲಸ.

ಮೊದಲ ದಿನವೇ ಆಂಟಿ ದನಿ ತಗ್ಗಿಸಿ ಕೇಳಿದರು. "ಇವತ್ತು ಸಭೆಯಲ್ಲಿ ಎಂತ ಎಲ್ಲ ಆಯ್ತು ಹೇಳು."

ಯಾವ ಹಾಡು, ಬೈಬಲಿನ ಯಾವ ಪಾಠ, ಯಾರು ಬಂದಿದ್ದರು ಎಂದು ನಾನು ಶಾಲೆಯಲ್ಲಿ ಉತ್ತರ ಒಪ್ಪಿಸುವಂತೆ ಹೇಳಿದೆ.

"ಹಾಗಲ್ಲ ಮಾರಾಯ್ತಿ. ನೀನು ಮನೆಯಲ್ಲಿ ಮಾಡ್ಲಿಕ್ಕೆ ಉಂಟಂತಲ್ಲ, ಹಾಗೆ ಮಾಡು. ನಿನ್ನ ಅಪ್ಪ ಹೇಳಿದ್ದಾರೆ."

ಅಪ್ಪನ ಬಾಯಿ ಸುಮ್ಮನಿರುವುದಿಲ್ಲ ಎಂದು ಒಳಗೇ ಬೈದುಕೊಂಡು, ಅಡಿಗೆಮನೆಯ ಕಡೆ ಒಂದು ಕಣ್ಣಿಟ್ಟು, ನಾನು ಶುರುಮಾಡಿದೆ. ಠಾಣೆಯ ಸಕ್ಕರೆ ಕಾಯಿಲೆಯ ಅಮ್ಮನವರು ಎತ್ತರದ ಸ್ವರಕ್ಕೆ ಹತ್ತಲಾರದೆ ನಡುದಾರಿಯಲ್ಲಿ ಕೆಮ್ಮಿಗೆ ತಿರುಗುವುದನ್ನು ಹಾಡಿ ತೋರಿಸಿದೆ. ಅಂಬರನಾಥದವರೊಬ್ಬರು ಪಾಠ ಓದುವಾಗ ಬೆರಳಿಗೆ ಉಗುಳು ಹಚ್ಚಿ ಹಾಳೆ ಮಗುಚುವುದನ್ನು, ಸಂಡೇ ಸ್ಕೂಲ್ ಟೀಚರು ಪ್ರಕಟಣೆ ಓದುವಾಗ ಪ್ರತಿ ವಾಕ್ಯಕ್ಕೂ ಮೂಗು ಎಳೆಯುವುದನ್ನು ಮಾಡಿದೆ. ಟೀಚರ ಮೂಗನ್ನು ಸ್ವಲ್ಪ ಹೆಚ್ಚೇ ಎಳೆದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಂಟಿ ದಿಂಬನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಮಂಚ ಕಿರುಗುಟ್ಟಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಅಯ್ಯ ಇಕಿ! ಇಲ್ಲೀಗೂ ಬಂದು ಶುರು ಮಾಡಿದ್ಯಾ? ಅಕ್ಕಾರ, ಇಕಿ ಮಾತು ಮನಸಿಗೆ ಹಚ್ಗೋಬ್ಯಾಡ್ರಿ."

"ಬೈಬೇಡಿ ಅವಳನ್ನು," ಎಂದರು ಆಂಟಿ ಕಣ್ಣೊರೆಸಿಕೊಳ್ಳುತ್ತಾ. "ಎರಡು ವರ್ಷ ಆಯ್ತು ನಾನು ಚರ್ಚು ನೋಡದೆ. ಈಗ ಹೋಗಿ ಬಂದ ಹಾಗಾಯ್ತು ನನಗೆ."

ಅವ್ವ ಕೈಯ ಹಿಟ್ಟು ಕೊಡವಿಕೊಂಡಳು. ಆಮೇಲೆ ಒಂದು ಷರತ್ತು ಹಾಕಿದಳು. ಹಾಡು ಮಾಡು, ಪ್ರಕಟಣೆ ಮಾಡು, ಯಾರು ಹೆಂಗ ಕುಂತಿದ್ರು ಅದನ್ನೂ ಮಾಡು. ಪ್ರಾರ್ಥನೆಗೆ ಮಾತ್ರ ಕೈ ಹಚ್ಚಬಾರದು, ಅದು ದೇವರ ಹತ್ತಿರ ಆಡಿದ ಮಾತು.

ಹೀಗೆ ಭಾನುವಾರ ಸಂಜೆಗಳು ನನ್ನವಾದವು. ಆರಾಧನೆಯಲ್ಲಿ ನಾನು ಮೊದಲಿಗಿಂತ ಹತ್ತು ಪಟ್ಟು ಗಮನವಿಟ್ಟು ಕೂರತೊಡಗಿದೆ. ಯಾವ ಸಾಲನ್ನೂ ಕಳೆದುಕೊಳ್ಳುವ ಹಾಗಿರಲಿಲ್ಲ, ಆಂಟಿಗೆ ಮುಟ್ಟಿಸಬೇಕಿತ್ತಲ್ಲ. ನಾನು ಯಾರನ್ನು ಮಾಡಿದರೂ ಆಂಟಿಗೆ ಅದು ಯಾರೆಂದು ಎರಡು ಕ್ಷಣದಲ್ಲಿ ಗೊತ್ತಾಗುತ್ತಿತ್ತು, ಗೊತ್ತಾದ ಕೂಡಲೇ ಮುಖ ಅರಳುತ್ತಿತ್ತು. "ಅವಳ ಕೆಮ್ಮು ಇನ್ನೂ ಹೋಗಿಲ್ವಾ ಹಾಗಾದ್ರೆ? ಶುಂಠಿ ಹಾಕಿ ಕಷಾಯ ಮಾಡ್ಲಿಕ್ಕೆ ಹೇಳು," ಎಂದು ಮುಂದಿನ ವಾರಕ್ಕೆ ನನ್ನ ಕೈಯಲ್ಲಿ ಸುದ್ದಿ ಕಳಿಸುತ್ತಿದ್ದರು. ಆ ದಿನಗಳಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಆದರೆ ಪ್ರತಿ ಸಲ ಕೊನೆಗೆ ಅವರು, "ಪ್ರಾರ್ಥನೆ?" ಎಂದು ಹುಬ್ಬೇರಿಸುತ್ತಿದ್ದರು. ಅವ್ವ ಬೇಡ ಅಂದಿದ್ದಾಳೆ ಎಂದು ನಾನು ತಲೆ ಅಲ್ಲಾಡಿಸುತ್ತಿದ್ದೆ. ಒಂದು ಭಾನುವಾರ ಅವ್ವ ಕೊತ್ತಂಬರಿ ತರಲು ಕೆಳಗೆ ಇಳಿದಾಗ ಆಂಟಿ ನನ್ನ ಕೈ ಹಿಡಿದುಕೊಂಡರು. ಅವರ ಮುಖದಲ್ಲಿ ನಗು ಇರಲಿಲ್ಲ.

"ಒಂದು ವಿಷಯ ಕೇಳ್ತೇನೆ. ಕಲ್ಯಾಣ ಬಂದಾಗ ಇವರು ನನ್ನ ಬಗ್ಗೆ ಎಂತ ಹೇಳ್ತಾರೆ? ಮನೆಗೆ ಬಂದು ಹೇಳುವುದೇ ಇಲ್ಲ. ಕೇಳಿದ್ರೆ, ಅದು ದೇವರಿಗೆ ಹೇಳಿದ್ದು ಅಂತಾರೆ. ನಿಮ್ಮ ಎಲ್ಲರ ಮಂಡಿನೋವು, ಕೆಮ್ಮು, ದೇವರಿಗೆ ವಾರ ವಾರ ಹೋಗ್ತದೆ. ನನ್ನ ಸೊಂಟ ಹೋಗ್ತದಾ ಇಲ್ವಾ?"

ಹೋಗುತ್ತಿರಲಿಲ್ಲ. ಕಲ್ಯಾಣದ ಹುಡುಗ, ಕಲ್ಯಾಣದ ಮಗು, ಆಮೇಲೆ ವಿಠಲವಾಡಿ. ಎರಡು ವಾರ ಬಿಟ್ಟುಹೋದದ್ದಕ್ಕೆ ವಾಶಿಯಾಕೆ ಎಷ್ಟು ಅತ್ತಿದ್ದಳೆಂದು ನಾನು ನೋಡಿದ್ದೆ. ಇವರದು ಎರಡು ವರ್ಷ. ಇಲ್ಲ ಎಂದು ಹೇಳಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ, ಹಿರಿಯರ ದನಿ ತೆಗೆದು, ನನಗೆ ತೋಚಿದ್ದನ್ನೆಲ್ಲ ಸೇರಿಸಿ ಒಂದು ಪ್ರಾರ್ಥನೆ ಕಟ್ಟಿದೆ. "ಕರ್ತನೇ, ಕಲ್ಯಾಣದಲ್ಲಿ ನನ್ನ ಪ್ರಿಯ ಪತ್ನಿಯನ್ನು ಮುಟ್ಟಿ ಗುಣಪಡಿಸು, ಅವಳಿಲ್ಲದೆ ನನ್ನ ಬದುಕು..." ಎಂದು ಕಣ್ಣೀರಿನ ಮಟ್ಟಕ್ಕೂ ಹೋದೆ. ದನಿ ತುಂಬ ಚೆನ್ನಾಗಿ ಬಂದಿತ್ತು.

ಕಣ್ಣು ಬಿಟ್ಟಾಗ ಆಂಟಿ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಇದು ಇವರಲ್ಲ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಪ್ರಿಯ ಅನ್ನುವ ಶಬ್ದ ಇವರ ಬಾಯಿಂದ ಬಂದದ್ದು ನಾನು ಕೇಳ್ಲಿಲ್ಲ." ಕಿಟಕಿಯಿಂದ ಮುಖ ತಿರುಗಿಸಿ, "ಇಲ್ಲ ಅಲ್ವಾ ನನ್ನ ಹೆಸರು? ಪರ್ವಾಗಿಲ್ಲ. ನೀನು ಬೇಜಾರು ಮಾಡ್ಬೇಡ," ಎಂದು ನನ್ನ ಕೈ ತಟ್ಟಿದರು. ಬೇಜಾರು ಅವರಿಗೆ, ಸಮಾಧಾನ ನನಗೆ.

ನನ್ನ ವರದ ಮೇಲೆ ನನಗೇ ಅಸಹ್ಯವಾದದ್ದು ಅಂದು. ಟೀಚರು ಚಟ ಎಂದದ್ದು ಸರಿ ಅನ್ನಿಸಿತು, ಅದು ಇನ್ನೂ ಹೆಚ್ಚು ಉರಿಯಿತು. ಮುಂದಿನ ಎರಡು ಭಾನುವಾರ ಶಾಲೆಯ ಪರೀಕ್ಷೆ ಎಂದು ಸುಳ್ಳು ಹೇಳಿ ಕಲ್ಯಾಣಕ್ಕೆ ಹೋಗಲಿಲ್ಲ. ಮನೆಯಲ್ಲೂ ಯಾರನ್ನೂ ಅಣಕಿಸಲಿಲ್ಲ. ಅಪ್ಪ ಸ್ಟೇಷನ್ನಿನ ಹೆಂಗಸನ್ನು ಮಾಡು ಎಂದರೂ ಮಾಡಲಿಲ್ಲ. ನನ್ನ ಬಾಯಿ ಸುಮ್ಮನಾಗಲಿ ಎಂದು ಅಷ್ಟು ವರ್ಷ ಹರಕೆ ಹೊತ್ತವಳಂತಿದ್ದ ಅವ್ವನಿಗೇ ತಡೆಯಲಾಗಲಿಲ್ಲ. ನೀರು ಬರುವ ಹೊತ್ತಿನಲ್ಲಿ, ಕೊಡ ತುಂಬುತ್ತಾ ಕೇಳಿದಳು. "ಏನಾಗೈತಿ ನಿನಗ? ಅಕ್ಕಾರು ಎರಡ ವಾರ ಬಾಗಲಾ ನೋಡಕೋತ ಮಲಗಿದ್ರು."

ನಾನು ಎಲ್ಲವನ್ನೂ ಹೇಳಿ ಅತ್ತೆ. ಅವ್ವ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ನಲ್ಲಿ ತಿರುಗಿಸಿ, ಕೊಡದ ಮೇಲೆ ಕೈಯಿಟ್ಟು ಕೂತಳು.

"ನೀ ಅವರ ದನಿ ತಗದದ್ದು ತಪ್ಪಲ್ಲ. ಅವರು ಅನ್ನದ್ದನ್ನ ಅಂದ್ರು ಅಂತ ಹೇಳಿದ್ಯಲ್ಲ, ಅದು ತಪ್ಪು. ಖರೇ ಏನಾಗತೈತಿ ಕಲ್ಯಾಣ ಬಂದಾಗ?"

ನಾನು ಸಿಗ್ನಲಿನ ವಿಷಯ ಹೇಳಿದೆ. ಕನ್ನಡಕ, ಗಂಟಲು, ಎಲ್ಲ. ಕಣ್ಣು ಮುಚ್ಚಿ ಪ್ರಾರ್ಥಿಸುವ ಅವ್ವನಿಗೆ ಅದು ಗೊತ್ತೇ ಇರಲಿಲ್ಲ.

"ಅದನ್ನ ತೋರ್ಸು ಅಕ್ಕಾರಿಗೆ," ಎಂದಳು. "ಹೆಚ್ಚ ಬ್ಯಾಡ, ಕಡಿಮೀನೂ ಬ್ಯಾಡ. ದೇವ್ರು ನಿನಗ ಕಣ್ಣು ಬಾಯಿ ಎರಡೂ ಅದಕ್ಕs ಕೊಟ್ಟಿರಬೇಕು. ನಾನs ಬ್ಯಾಡ ಅಂದಿದ್ದೆ, ಈಗ ನಾನs ಹೇಳಾಕತ್ತೀನಿ."

ಆ ಭಾನುವಾರ ಪ್ರಾರ್ಥನೆ ಕಲ್ಯಾಣಕ್ಕೆ ಬಂದು ನಿಂತಾಗ ಪಕ್ಕದವಳು ಮೊಣಕೈಯಿಂದ ತಿವಿದರೂ ನಾನು ನಗಲಿಲ್ಲ. ಹಿರಿಯರ ಬಲಗೈ ಕನ್ನಡಕದ ಕಡೆ ಹೋಗುವ ಮೊದಲು ಎದುರಿನ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿಯುವುದನ್ನು ಮೊದಲ ಸಲ ಕಂಡೆ. ತುಟಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ತೆರೆದಾಗ ಮಾತು ಬಾರದೆ ಅವರು ಎಂಜಲು ನುಂಗಿದರು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು, ಅದು ಮಂಜಾಗಿತ್ತು. ಅಷ್ಟು ದಿನ ನಾವು ನಕ್ಕದ್ದು ಯಾವುದಕ್ಕೆ ಎಂದು ನನಗೆ ತಿಳಿದದ್ದು ಆಗಲೇ.

ಸಂಜೆ ಕಲ್ಯಾಣದಲ್ಲಿ ಅವ್ವ ಅಡಿಗೆಮನೆಗೆ ಹೋಗದೆ ಬಾಗಿಲ ಪಕ್ಕದಲ್ಲೇ ನಿಂತಳು. ನಾನು ಆಂಟಿಗೆ, ಹಿಂದೆ ಮಾಡಿದ್ದು ಸುಳ್ಳು, ಇವತ್ತಿನದು ನಿಜ ಎಂದು ಹೇಳಿ ಠಾಣೆಯಿಂದ ಹೊರಟೆ. ವಾಶಿಗೆ ಹೋಗಿ ಬಂದೆ, ಮುಂಬ್ರಾದಲ್ಲಿ ನಿಂತೆ. ಆಂಟಿ ಅಲ್ಲಲ್ಲಿ ಮುಗುಳ್ನಗುತ್ತಿದ್ದರು. ಕಲ್ಯಾಣ ಬಂತು. ಹುಡುಗ, ಮಗು. ನಾನು ಮಂಚದ ಅಂಚು ಹಿಡಿದೆ. ತುಟಿ ತೆರೆದೆ, ಮುಚ್ಚಿದೆ, ತೆರೆದೆ. ಎಂಜಲು ನುಂಗಿದೆ. ಇಲ್ಲದ ಕನ್ನಡಕವನ್ನು ತೆಗೆದು ಒರೆಸಿದೆ. ಹಿರಿಯರು ನಿಂತಷ್ಟೇ ಹೊತ್ತು ನಿಂತೆ. ಆಮೇಲೆ, "ವಿಠಲವಾಡಿಯಲ್ಲಿ..." ಎಂದೆ.

"ಅಷ್ಟು ಹೊತ್ತಾ?" ಎಂದರು ಆಂಟಿ.

"ಹೌದು ಆಂಟಿ."

"ಪ್ರತಿ ವಾರವಾ?"

"ಪ್ರತಿ ವಾರ."

ಆಂಟಿಯ ಕಣ್ಣು ನನ್ನನ್ನು ದಾಟಿ ಬಾಗಿಲ ಕಡೆ ಹೋಗಿತ್ತು. ತಿರುಗಿ ನೋಡಿದರೆ ಹಿರಿಯರು ಹೊಸ್ತಿಲಲ್ಲಿ ನಿಂತಿದ್ದರು, ಒಂದು ಕಾಲಿನ ಚಪ್ಪಲಿ ಬಿಚ್ಚಿ, ಇನ್ನೊಂದು ಹಾಗೇ. ಯುವಕರೆಲ್ಲ ಸಿನಿಮಾಕ್ಕೆಂದು ಓಡಿಹೋಗಿ ಹಾಡಿನ ತರಗತಿ ನಡೆದಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಅವರು ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು. ನಾವು ಹೊರಡುವಾಗ ಅವರು ಕೆಳಗೆ ನಲ್ಲಿಯ ಹತ್ತಿರ ನಮಗೆ ಬೆನ್ನು ಮಾಡಿ ಮುಖ ತೊಳೆಯುತ್ತಿದ್ದರು. ಅವ್ವ ಸ್ತೋತ್ರ ಎಂದು ವಂದನೆ ಹೇಳಿದಳು. ಅವರು ತಿರುಗಲಿಲ್ಲ.

ಆ ವಾರ ನಾನು ಅನುಭವಿಸಿದ ಹೆದರಿಕೆ ಯಾವ ಪರೀಕ್ಷೆಯಲ್ಲೂ ಅನುಭವಿಸಿಲ್ಲ. ಸಭೆಯ ಎದುರಿಗೆ ನಿಲ್ಲಿಸಿ ಬೈಯುತ್ತಾರೆ ಎಂದು ಒಂದು ದಿನ ಅನ್ನಿಸಿದರೆ, ಇನ್ನು ಮನೆಗೆ ಬರಬೇಡಿ ಎನ್ನುತ್ತಾರೆ ಎಂದು ಮರುದಿನ. ಬೈಗುಳ ಹೇಗಾದರೂ ತಿನ್ನಬಹುದಿತ್ತು, ಆಂಟಿಯ ಮನೆ ತಪ್ಪಿಹೋಗುವುದು ಮಾತ್ರ ನನ್ನಿಂದ ತಡೆಯಲಾಗದು ಎನ್ನಿಸಿತ್ತು. ರಾತ್ರಿ ಮಲಗುವಾಗ, ಇದು ನಿನ್ನದೇ ವರವಾಗಿದ್ದರೆ ನೀನೇ ಇದನ್ನು ಕಾಪಾಡು ಎಂದು ದೇವರಿಗೆ ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ.

ಭಾನುವಾರ ಚರ್ಚಿನ ಬಾಗಿಲಲ್ಲಿ ಹಿರಿಯರು ನಿಂತಿದ್ದರು. ಅವ್ವನ ಹಿಂದೆ ಅಡಗಿಕೊಂಡು ಒಳಗೆ ಜಾರಲು ನೋಡಿದೆ. ಅವರು ಕರೆದರು.

"ನೀನು ಎಲ್ಲಿ ಕೂತ್ಕೊಳ್ಳುವುದು?"

"ಹಿಂದ್ರಿ ಅಂಕಲ್."

"ಇವತ್ತು ಮುಂದೆ ಕೂತ್ಕೋ. ಮೊದಲನೇ ಬೆಂಚು." ನಾನು ತಲೆ ತಗ್ಗಿಸಿ ಹೊರಟೆ. ಅವರು ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಬೇಡ."

ಸಭೆಯ ಹಿರಿಯರು ಒಂದು ಮಗುವಿಗೆ ಹಾಗೆ ಹೇಳಿದ್ದು ಪ್ರಪಂಚದಲ್ಲಿ ಇನ್ನೆಲ್ಲಾದರೂ ನಡೆದಿದೆಯೋ ಇಲ್ಲವೋ ನಾನರಿಯೆ. ಅಂದು ನಾನು ಮೊದಲನೇ ಬೆಂಚಿನಲ್ಲಿ, ಟೀಚರ ಪಕ್ಕದಲ್ಲೇ, ಎರಡೂ ಕಣ್ಣು ಅಗಲಿಸಿಕೊಂಡು ಕೂತೆ. ದೇವರು ಇದನ್ನು ನನಗೆ ಕೊಟ್ಟಿದ್ದಾನೆ, ನಗಿಸಲಿಕ್ಕೂ ಕೊಟ್ಟಿದ್ದಾನೆ, ಇದಕ್ಕೂ ಕೊಟ್ಟಿದ್ದಾನೆ ಎಂದು ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಠಾಣೆ, ವಾಶಿ, ಕಳವಾ, ಮುಂಬ್ರಾ. ಅಷ್ಟು ನಿಧಾನದ ಗಾಡಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಡೊಂಬಿವಲಿ, ಠಾಕುರ್ಲಿ.

ಕಲ್ಯಾಣದಲ್ಲಿ ಅವರು ಹುಡುಗನನ್ನು ನೆನೆದರು, ಮಗುವನ್ನು ನೆನೆದರು, ನಿಂತರು. ಕನ್ನಡಕಕ್ಕೆ ಕೈ ಹಾಕಲಿಲ್ಲ. ಕಣ್ಣು ತೆರೆದು ನೇರವಾಗಿ ನನ್ನನ್ನು ನೋಡಿದರು. ಮಾತು ಅಂದೂ ಬರಲಿಲ್ಲ. ಆದರೆ ನೋಟ ತೆಗೆಯಲಿಲ್ಲ. ನನ್ನ ಮೂಲಕ ಬೇರೆ ಯಾರನ್ನೋ ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅವರ ಗಂಭೀರ ಮುಖ ನಿಧಾನವಾಗಿ ಸಡಿಲವಾಗಿ, ತುಟಿಯ ಒಂದು ಬದಿ ಮೇಲೆ ಹೋಯಿತು. ನೀರು ತುಂಬಿದ ಕಣ್ಣಿನಲ್ಲಿ ಅವರು ನಕ್ಕರು. ಸಭೆಯವರೆಲ್ಲ ಕಣ್ಣು ಮುಚ್ಚಿ ಕೂತಿದ್ದರು. ಯಾವ ಭಾನುವಾರಕ್ಕಿಂತಲೂ ಹೆಚ್ಚು ಹೊತ್ತು ನಿಂತು, ಆಮೇಲೆ ಅವರು ವಿಠಲವಾಡಿಗೆ ಹೊರಟರು.

ಆ ನೋಟವನ್ನು ಚೆಲ್ಲದೆ ಹೇಗೆ ಒಯ್ಯುವುದೆಂದು ದಾರಿಯುದ್ದಕ್ಕೂ ನನಗೆ ಗಾಬರಿ. ಗಾಡಿಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ, ಅವ್ವ ಮಾತಾಡಿಸಿದರೂ ಉತ್ತರ ಕೊಡಲಿಲ್ಲ. ಮೆಟ್ಟಿಲು ಹತ್ತಿ, ಆಂಟಿಯ ಎದುರು ನಿಂತು, ಠಾಣೆ ಗೀಣೆ ಎಲ್ಲ ಬಿಟ್ಟು ನೇರ ಕಲ್ಯಾಣಕ್ಕೇ ಹೋದೆ. ಕಣ್ಣು ತೆರೆದು ಆಂಟಿಯನ್ನು ನೋಡಿದೆ. ಹಿರಿಯರು ನನ್ನನ್ನು ನೋಡಿದಷ್ಟೇ ಹೊತ್ತು, ಅವರು ನೋಡಿದ ಹಾಗೆಯೇ. ತುಟಿಯ ಒಂದು ಬದಿಯನ್ನು ಮೇಲೆತ್ತಿ ನಕ್ಕೆ.

ಆಂಟಿ ಮೊದಲು ಬೆರಗಾದರು. ಆಮೇಲೆ ಅವರ ಕಿವಿಯವರೆಗೂ ಕೆಂಪೇರಿತು. ಸೆರಗು ಎಳೆದು ಇಡೀ ಮುಖ ಮುಚ್ಚಿಕೊಂಡುಬಿಟ್ಟರು.

"ಅಯ್ಯೋ ದೇವರೇ," ಎಂದರು ಒಳಗಿನಿಂದ. "ಅಷ್ಟು ಜನರ ಎದುರಿಗಾ!"

ಸೆರಗಿನ ಒಳಗೆ ಅವರು ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದೆ ನಾನು ಅವ್ವನ ಕಡೆ ನೋಡಿದೆ. ಅವ್ವ ತನ್ನ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆಂಟಿ ಸೆರಗನ್ನು ಒಂದು ಕಣ್ಣಿನಷ್ಟು ಮಾತ್ರ ಸರಿಸಿದರು.

"ಇವರು ಬರುವುದರೊಳಗೆ ಇನ್ನೊಮ್ಮೆ ಮಾಡು ಮಾರಾಯ್ತಿ," ಎಂದರು.